ಹೊರಗಿನ ಹುಡುಗರು

ಕಬಡ್ಡಿ ಪಂದ್ಯಾವಳಿಯ ಸುದ್ದಿ ಬರೆಯೋದಕ್ಕೆ ನಮ್ಮ ಕಡೆ ಒಂದು ಅಚ್ಚು ಇದೆ. ಊರಹಬ್ಬದ ಅಂಗವಾಗಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯಿತು, ಇಷ್ಟು ತಂಡಗಳು ಭಾಗವಹಿಸಿದ್ದವು, ಇಂಥ ತಂಡ ಪ್ರಥಮ, ಇಂಥದ್ದು ದ್ವಿತೀಯ, ಬಹುಮಾನ ವಿತರಿಸಿದ ಮುಖಂಡರು ಸೋಲು ಗೆಲುವನ್ನು ಸಮನಾಗಿ ಸ್ವೀಕರಿಸಬೇಕೆಂದು ಕರೆ ನೀಡಿದರು. ಆಮೇಲೆ ವೇದಿಕೆ ಮೇಲಿದ್ದ ಹತ್ತು ಜನರ ಹೆಸರು, 'ಇತರರು ಇದ್ದರು'. ಒಟ್ಟು ಎಂಟು ಸಾಲು, ಒಂದು ಟ್ರೋಫಿ ಫೋಟೊ. ಫೋಟೊದಲ್ಲಿ ಮುಖಂಡರು ಏಳು ಜನ, ಆಟಗಾರರು ಮೂರು ಜನ ಕಾಣುತ್ತಾರೆ.

ಈ ಅಚ್ಚಿನೊಳಗೆ ಹಿಡಿಸದೆ ಹೊರಗುಳಿಯುವುದು ಆಟ. ಆಟಕ್ಕಿಂತ ಹೆಚ್ಚಾಗಿ ಜಗಳ. ಬೋನಸ್ ಪಾಯಿಂಟ್ ಕೊಡಲಿಲ್ಲವೆಂದು ಅಂಪೈರ್ ಕೊರಳಪಟ್ಟಿಗೆ ಕೈ ಹಾಕಿದ್ದು, ರೈಡರ್ ಬಿದ್ದ ಮೇಲೂ ಅವನ ಮಂಡಿ ತಿರುಚಿದ್ದು, ಕುರ್ಚಿಗಳು ಹಾರಿದ್ದು, ರಾತ್ರಿ ಎರಡು ಗಂಟೆಗೆ ಫೈನಲ್ ನಿಲ್ಲಿಸಿ ಮೈಕಿನಲ್ಲಿ 'ಎರಡೂ ತಂಡಕ್ಕೆ ಜಂಟಿ ಪ್ರಶಸ್ತಿ' ಅಂತ ಕೂಗಿದ್ದು. ಬೆಳಿಗ್ಗೆ ಫೋನ್ ಬರುತ್ತೆ. "ಅಣ್ಣ, ಗಲಾಟೆ ವಿಷ್ಯ ಹಾಕ್ಬೇಡಿ ಕಣಣ್ಣ, ಊರಿನ್ ಮರ್ಯಾದೆ." ಪೊಲೀಸ್ ಕೇಸ್ ಆಗಿದ್ದರೆ ಅದು ಕ್ರೈಂ ಸುದ್ದಿಯಾಗುತ್ತೆ. ಆಗದಿದ್ದರೆ ಅದೇ ಎಂಟು ಸಾಲು.

ಇಲ್ಲಿ 'ನಾವು' ಅಂದರೆ ಡಿಪ್ಲೊಮಾದಲ್ಲಿ ಜೊತೆಗೆ ಓದಿ, ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಒಬ್ಬೊಬ್ಬರಂತೆ ಕೂತು ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವ ನಾಲ್ಕು ಜನ ಸ್ಟ್ರಿಂಗರ್‌ಗಳು. ಬರೆಯುತ್ತಿರುವ ಕೈ ಒಂದೇ ಆದರೂ ಮಾತು ನಾಲ್ವರದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಈ ನಾಲ್ಕು ತಾಲ್ಲೂಕು ಒಡೆದು ಜಿಲ್ಲೆಯಾದಾಗ ನಾವಿನ್ನೂ ವಿದ್ಯಾರ್ಥಿಗಳು. ಈಗ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅನ್ನೋ ಹೊಸ ಹೆಸರು ಬಂದಿದೆ. ಆಟದ ಮೈದಾನದಲ್ಲಿ ಮಾತ್ರ ಯಾರೂ ಜಿಲ್ಲೆಯ ಹೆಸರು ಹೇಳಿಕೊಂಡು ಹೊಡೆದಾಡುವುದಿಲ್ಲ, ತಾಲ್ಲೂಕಿನ ಹೆಸರು ಹೇಳಿಕೊಂಡೇ ಹೊಡೆದಾಡುವುದು. ಸಣ್ಣ ಜಿಲ್ಲೆ. ಪ್ರತಿ ವರ್ಷ ಅದೇ ಮುಖ ಅದೇ ಮುಖಕ್ಕೆ ಎದುರಾಗುತ್ತೆ. ಹೋದ ವರ್ಷದ ಬಾಕಿ ಈ ವರ್ಷಕ್ಕೆ ಬಡ್ಡಿ ಸಮೇತ ಬರುತ್ತೆ.

ಈ ಬರಹಕ್ಕೆ ಕಾರಣ ಒಂದು ಮಾತು. ಬೆಂಗಳೂರಿನಿಂದ ಒಂದು ಪಂದ್ಯಾವಳಿಗೆ ಅತಿಥಿಯಾಗಿ ಬಂದಿದ್ದವರೊಬ್ಬರು, ಗಲಾಟೆ ನೋಡಿ ಕಾರು ಹತ್ತುವಾಗ ನಮ್ಮತ್ತ ತಿರುಗಿ ಹೇಳಿದರು: "ನಮ್ ಹಳ್ಳಿ ಜನಕ್ಕೆ ಸ್ಪೋರ್ಟ್ಸ್‌ಮನ್‌ಶಿಪ್ ಅನ್ನೋದೇ ಇಲ್ಲ ಕಣ್ರೀ. ಅಮೆರಿಕದಲ್ಲಿ ಕಾಲೇಜು ಆಟ ನೋಡ್ಬೇಕು, ಹೆಂಗೆ ನಡೀತದೆ." ಅವರ ಮಗ ಅಲ್ಲಿ ಓದುತ್ತಿದ್ದಾನಂತೆ. ಮಾತು ಮುಳ್ಳಿನ ಹಾಗೆ ಉಳಿಯಿತು. ಮುಳ್ಳು ತೆಗೆಯೋಣವೆಂದು ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆ ಹುಡುಕಿ ಓದಿದೆವು.

ಅದಕ್ಕೆ ಮೊದಲು ನಮ್ಮಲ್ಲಿ ಜಗಳ ಎಲ್ಲಿಂದ ಶುರುವಾಗುತ್ತೆ ಅಂತ ಹೇಳಬೇಕು. ಹತ್ತರಲ್ಲಿ ಎಂಟು ಸಲ ಅದು ಅಂಕಣದಲ್ಲಿ ಹುಟ್ಟಿದ್ದಲ್ಲ, ತಂಡದ ಪಟ್ಟಿಯಲ್ಲಿ ಹುಟ್ಟಿದ್ದು. 'ಗೆಸ್ಟ್ ಪ್ಲೇಯರ್' ಅಂತ ಒಂದು ಮಾತಿದೆ. ಊರಿನ ತಂಡದ ಹೆಸರಲ್ಲಿ ಆಡಲು ಹೊರಗಿನಿಂದ ಕರೆಸುವ ಹುಡುಗ. ಬಸ್ ಚಾರ್ಜು, ಊಟ, ಮೇಲೊಂದು ಲಕೋಟೆ. ಇಂದು ಚನ್ನಪಟ್ಟಣ ಕಡೆಯ ಊರಿಗೆ ಆಡಿದವನು ಮುಂದಿನ ವಾರ ಕನಕಪುರ ಕಡೆಯ ಊರಿನ ಜರ್ಸಿ ಹಾಕಿಕೊಂಡು ಬರುತ್ತಾನೆ. ತೂಕದ ವಿಭಾಗದ ಪಂದ್ಯವಾದರೆ ಇನ್ನೊಂದು ಕಥೆ: ತಕ್ಕಡಿ ಹತ್ತುವವನು ಒಬ್ಬ, ಆಡುವವನು ಇನ್ನೊಬ್ಬ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ತೂಕಕ್ಕೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವ ರೈತರ ಮಕ್ಕಳು, ಹುಡುಗರ ತೂಕಕ್ಕೂ ಹಾಗೇ ನಿಲ್ಲುತ್ತಾರೆ. ಅಲ್ಲೇ ಮೊದಲ ತಳ್ಳಾಟ.

ಕಾಲೇಜುಗಳೂ ಇದಕ್ಕೆ ಹೊರತಲ್ಲ. ನಾವು ಓದುತ್ತಿದ್ದ ಕಾಲದಲ್ಲಿ ಪಕ್ಕದ ತಾಲ್ಲೂಕಿನ ಕಾಲೇಜೊಂದು, ತರಗತಿಯಲ್ಲಿ ಯಾರೂ ಒಂದು ದಿನವೂ ಕಾಣದ ರೈಡರ್ ಒಬ್ಬನನ್ನು ಕರೆತಂದಿತ್ತು. ಪ್ರವೇಶ ಪಡೆದ ದಾಖಲೆ ಇತ್ತು, ಹಾಜರಾತಿಯೂ ಇತ್ತು. ಸೋತ ನಮ್ಮವರು ಅವರ ಬಸ್ಸಿನ ಗಾಜು ಒಡೆದರು. ತಪ್ಪು ಯಾರದೆಂದು ಕೇಳಿದಾಗ ಎಲ್ಲರೂ ಗಾಜಿನ ವಿಷಯ ಮಾತಾಡಿದರು, ಹಾಜರಾತಿ ಪುಸ್ತಕದ ವಿಷಯ ಯಾರೂ ಮಾತಾಡಲಿಲ್ಲ. ಕಾಲೇಜುಗಳ ಹೆಸರು ಬೇಡ. ಆ ರೈಡರ್ ಚೆನ್ನಾಗಿ ಆಡುತ್ತಿದ್ದ ಅನ್ನೋದನ್ನು ಮಾತ್ರ ಈಗಲೂ ಒಪ್ಪುತ್ತೇವೆ.

ಈಗ ಅಮೆರಿಕ. ಅವರು ಫುಟ್‌ಬಾಲ್ ಅನ್ನೋದು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು, ಎದುರಾಳಿಗಳು ಹಿಡಿದು ಕೆಡವಬೇಕು. ನೋಡಿದರೆ ಕಬಡ್ಡಿಗೇ ಹತ್ತಿರದ ನೆಂಟ. ಮೊದಲ ಕಾಲೇಜು ಪಂದ್ಯ ಅಂತ ಅವರು ಲೆಕ್ಕ ಹಿಡಿಯುವುದು 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದದ್ದನ್ನು. ಆಗಿನ್ನೂ ಅದು ಹೆಚ್ಚಾಗಿ ಕಾಲಿನ ಆಟವೇ, ಕಡೆಗೆ 25 ಜನ. ರಟ್ಗರ್ಸ್ 6-4ರಿಂದ ಗೆದ್ದಿತು. ವಾರದ ನಂತರ ಪ್ರಿನ್ಸ್‌ಟನ್ 8-0ಯಿಂದ ತೀರಿಸಿಕೊಂಡಿತು. ಮೂರನೆಯದು ನಡೆಯಲೇ ಇಲ್ಲ.

ಆ ಎರಡೂ ಕಾಲೇಜುಗಳ ನಡುವೆ ಸುಮಾರು 30 ಕಿಲೋಮೀಟರ್ ದೂರ. ಅಂದರೆ ಕನಕಪುರಕ್ಕೂ ರಾಮನಗರಕ್ಕೂ ಇರುವಷ್ಟೇ ಅಂತ ಇಟ್ಟುಕೊಳ್ಳಿ. 1875ರಲ್ಲಿ ರಟ್ಗರ್ಸ್ ಹುಡುಗರು ರಾತ್ರಿ ಪ್ರಿನ್ಸ್‌ಟನ್ನಿಗೆ ಹೋಗಿ ಒಂದು ಹಳೇ ಫಿರಂಗಿ ಕದ್ದುಕೊಂಡು ಬಂದರು. ಅದು ನಮ್ಮದು ಅನ್ನೋದು ಇವರ ವಾದ. ಅಸಲು ದೊಡ್ಡ ಫಿರಂಗಿ ನೆಲದಲ್ಲಿ ಹೂತು ನಿಂತಿದ್ದರಿಂದ ಕೈಗೆ ಸಿಕ್ಕ ಚಿಕ್ಕದನ್ನು ಹೊತ್ತು ತಂದಿದ್ದರು. ಪ್ರಿನ್ಸ್‌ಟನ್ ಹುಡುಗರು ಸುಮ್ಮನಿರುತ್ತಾರೆಯೇ? ಬಂದು ರಟ್ಗರ್ಸಿನ ಬಂದೂಕುಗಳನ್ನು ಎತ್ತಿಕೊಂಡು ಹೋದರು. ಕೊನೆಗೆ ಎರಡೂ ಕಾಲೇಜಿನ ಅಧ್ಯಕ್ಷರು ಪತ್ರ ಬರೆದುಕೊಂಡು, ಜಂಟಿ ಸಮಿತಿ ಕೂರಿಸಿ, ಫಿರಂಗಿ ಅವರಿಗೆ, ಬಂದೂಕು ಇವರಿಗೆ. ಇದನ್ನು ಓದಿ ನಮ್ಮ ಮಾಗಡಿಯ ಗೆಳೆಯ ಹೇಳಿದ್ದು: "ನಮ್ಮೋರು ಬಸ್ಸಿನ ಗಾಜಿಗೇ ನಿಂತ್ರು, ಪಾಪ."

ನಗುವ ಭಾಗ ಇಲ್ಲಿಗೆ ಮುಗಿಯಿತು. ಚೆಂಡು ಕೈಗೆ ಬಂದ ಮೇಲೆ ಆಟ ಬೇರೆಯಾಯಿತು. 1892ರಲ್ಲಿ ಹಾರ್ವರ್ಡ್ ತಂಡ ಯೇಲ್ ವಿರುದ್ಧ ಒಂದು ಹೊಸ ವ್ಯೂಹ ತಂದಿತು. ಎರಡು ಗುಂಪು ದೂರದಿಂದ ಓಡಿಬಂದು ಬಾಣದ ಮೊನೆಯ ಹಾಗೆ ಸೇರಿ, ಎದುರಾಳಿಗಳಲ್ಲಿ ಒಬ್ಬನ ಮೇಲೆ ಒಟ್ಟಿಗೆ ನುಗ್ಗುವುದು. ಚೆಂಡು ಹಿಡಿದವನು ಅದರ ಹಿಂದೆ. ಇದನ್ನು ಕಂಡುಹಿಡಿದ ಲೋರಿನ್ ಡಿಲ್ಯಾಂಡ್ ಒಬ್ಬ ಚದುರಂಗದ ಹುಚ್ಚಿನವನು, ಜನ್ಮದಲ್ಲಿ ಫುಟ್‌ಬಾಲ್ ಆಡಿದವನಲ್ಲ. ಮೈಗೆ ಪೆಟ್ಟು ಬೀಳದವರು ಮಾಡುವ ಉಪಾಯಗಳು ಹೀಗೇ ಇರುತ್ತವೆ. ಎರಡೇ ವರ್ಷದಲ್ಲಿ ಅದನ್ನು ನಿಷೇಧಿಸಬೇಕಾಯಿತು. ಆದರೂ 1894ರ ನವೆಂಬರ್ 24ರಂದು ಸ್ಪ್ರಿಂಗ್‌ಫೀಲ್ಡ್ ಊರಿನ ಹ್ಯಾಂಪ್‌ಡೆನ್ ಪಾರ್ಕಿನಲ್ಲಿ ಇವೇ ಎರಡು ಕಾಲೇಜುಗಳು ಆಡಿದ್ದನ್ನು ಅವರೇ ಇಂದಿಗೂ 'ರಕ್ತಸ್ನಾನ' ಅಂತ ಕರೆಯುತ್ತಾರೆ. ಕೊರಳೆಲುಬು ಮುರಿದವರು, ಕಣ್ಣಿಗೆ ಗುದ್ದು ತಿಂದವರು, ಎತ್ತಿಕೊಂಡು ಹೋಗಬೇಕಾದವರು. ಯೇಲ್ 12-4ರಿಂದ ಗೆದ್ದಿತು. ಮುಂದಿನ ಎರಡು ವರ್ಷ ಹಾರ್ವರ್ಡ್ ಮತ್ತು ಯೇಲ್ ಮುಖಾಮುಖಿಯಾಗಲೇ ಇಲ್ಲ. ಇವು ಆ ದೇಶದ ಅತಿ ದೊಡ್ಡ ಹೆಸರಿನ ವಿದ್ಯಾಲಯಗಳು. ಹಳ್ಳಿ ಅಂತ ಯಾರೂ ಅನ್ನಲಾಗದು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗುದ್ದಾಟವಲ್ಲ, ಅಲ್ಲೂ ಇದ್ದ 'ಗೆಸ್ಟ್ ಪ್ಲೇಯರ್'ಗಳು. 1896ರ ಅಕ್ಟೋಬರಿನಲ್ಲಿ ಲಾಫಯೆಟ್ ಅನ್ನೋ ಚಿಕ್ಕ ಕಾಲೇಜು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಲೆ ಆಡಬೇಕಿತ್ತು. ಪೆನ್ಸಿಲ್ವೇನಿಯಾ ಸೋತೇ ಬಹಳ ಕಾಲವಾಗಿತ್ತು. ಲಾಫಯೆಟ್ ಪರವಾಗಿ ಆ ದಿನ ಕಣಕ್ಕಿಳಿದವನು ಫೀಲ್ಡಿಂಗ್ ಯೋಸ್ಟ್; ವೆಸ್ಟ್ ವರ್ಜೀನಿಯಾದಲ್ಲಿ ಕಾನೂನು ಓದುತ್ತಿದ್ದವನು. ಪಂದ್ಯಕ್ಕೆ ಸ್ವಲ್ಪ ಮುಂಚೆ ಅದೇ ಲಾಫಯೆಟ್ ವಿರುದ್ಧ ಆಡಿದ್ದವನು. ಈ ಪಂದ್ಯಕ್ಕೆ ಲಾಫಯೆಟ್ ವಿದ್ಯಾರ್ಥಿಯಾದ, 6-4ರಿಂದ ಗೆದ್ದ, ಸ್ವಲ್ಪ ದಿನದಲ್ಲೇ ವೆಸ್ಟ್ ವರ್ಜೀನಿಯಾಗೆ ವಾಪಸ್ ಹೋಗಿ ಓದು ಮುಗಿಸಿದ. ಮುಂದೆ ಮಿಷಿಗನ್ ವಿಶ್ವವಿದ್ಯಾಲಯದ ದೊಡ್ಡ ಕೋಚ್ ಆಗಿ ಹೆಸರು ಮಾಡಿದ. ಇಂಥವರಿಗೆ ಅಲ್ಲಿ ಅಲೆಮಾರಿ ಆಟಗಾರರು ಅನ್ನೋ ಹೆಸರೇ ಇತ್ತು.

ಇದನ್ನೆಲ್ಲ ಹೊರಗೆಳೆದವರು ಪತ್ರಕರ್ತರು. 1905ರಲ್ಲಿ ಹೆನ್ರಿ ಬೀಚ್ ನೀಡಮ್ 'ಮೆಕ್ಲೂರ್ಸ್' ಮಾಸಪತ್ರಿಕೆಯಲ್ಲಿ ಕಾಲೇಜು ಆಟಗಾರರ ಬಗ್ಗೆ ಬರೆದ. ಯೇಲ್ ತಂಡದ ನಾಯಕನಾಗಿದ್ದ ಜೇಮ್ಸ್ ಹೋಗನ್‌ಗೆ ಫೀಸಿಲ್ಲ, ಉಳಿಯೋದಕ್ಕೆ ಒಳ್ಳೆಯ ಕೋಣೆ, ಪಂದ್ಯದ ದಿನ ಮಾರುವ ಪುಸ್ತಿಕೆಯ ಲಾಭದಲ್ಲಿ ಪಾಲು, ಊರಿನಲ್ಲಿ ಮಾರಾಟವಾಗುವ ಒಂದು ಕಂಪನಿಯ ಸಿಗರೇಟಿನ ಮೇಲೆ ಕಮಿಷನ್, ಋತು ಮುಗಿದ ಮೇಲೆ ಕ್ಯೂಬಾ ಪ್ರವಾಸ. ಇನ್ನೊಂದು ಸಂಗತಿ ಓದಿ ನಾವು ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ರಿನ್ಸ್‌ಟನ್ ವಿರುದ್ಧದ ಪಂದ್ಯವೊಂದರಲ್ಲಿ ಡಾರ್ಟ್‌ಮತ್ ಕಾಲೇಜಿನ ಕಪ್ಪು ವರ್ಣದ ಆಟಗಾರನೊಬ್ಬನ ಕೊರಳೆಲುಬು ಮುರಿಯಿತು. ಬಣ್ಣದ ಕಾರಣಕ್ಕೆ ಹೊಡೆದಿರಾ ಅಂತ ಕೇಳಿದರೆ ಪ್ರಿನ್ಸ್‌ಟನ್ ಆಟಗಾರ ಕೊಟ್ಟ ಸಮಜಾಯಿಷಿ ಏನೆಂದರೆ, ಹಾಗಲ್ಲ, ಎದುರಾಳಿಯಲ್ಲಿ ಅತಿ ಅಪಾಯದ ಆಟಗಾರ ಯಾರೋ ಅವನನ್ನು ಮೊದಲ ಐದು ನಿಮಿಷದಲ್ಲೇ ಹೊರಗೆ ಕಳಿಸುವಂತೆ ನಮಗೆ ಕಲಿಸಿದ್ದಾರೆ ಅಂತ. ಮಂಡಿ ತಿರುಚಿಸಿಕೊಂಡು ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿಕೊಂಡು ಮಲಗಿರುವ ರೈಡರ್‌ಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. 'ಅವ್ನನ್ನ ಮೊದ್ಲು ಕೂರ್ಸಿ' ಅಂತ ಗೆರೆಯಾಚೆಯಿಂದ ಕೂಗುವುದನ್ನು ನಾವೂ ಕೇಳಿದ್ದೇವೆ. ಆ ಕೂಗಿನಲ್ಲಿ ಔಟ್ ಮಾಡಿ ಅನ್ನೋ ಅರ್ಥವೂ ಇದೆ, ಇನ್ನೊಂದು ಅರ್ಥವೂ ಇದೆ.

ಅದೇ 1905ರ ಅಕ್ಟೋಬರ್ 9ರಂದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ತಂಡಗಳ ಹಿರಿಯರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದು ಬುದ್ಧಿ ಹೇಳಿದರು. ಅವರು ನಿಯಮ ಪಾಲಿಸುತ್ತೇವೆ ಅಂತ ಹೇಳಿಕೆ ಕೊಟ್ಟು ಹೋದರು. ಮುಖಂಡರು ಕರೆ ನೀಡಿದರು, ಆಟಗಾರರು ತಲೆಯಾಡಿಸಿದರು. ನಮ್ಮ ಎಂಟು ಸಾಲಿನ ಅಚ್ಚೇ. ಆ ಋತು ಮುಗಿಯುವ ಹೊತ್ತಿಗೆ 'ಚಿಕಾಗೊ ಟ್ರಿಬ್ಯೂನ್' ಪತ್ರಿಕೆ ದೇಶದ ಲೆಕ್ಕ ಹಾಕಿತು: ಫುಟ್‌ಬಾಲ್ ಆಡುತ್ತ ಸತ್ತವರು 18, ಜೋರಾಗಿ ಗಾಯಗೊಂಡವರು ನೂರಕ್ಕೂ ಹೆಚ್ಚು. ನವೆಂಬರ್ 25ರಂದು ಸತ್ತ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಅವರಲ್ಲೊಬ್ಬ. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ರಗ್ಬಿಗೆ ಹೋದವು.

ಆಮೇಲೆ ಏನು ಬದಲಾಯಿತು ಅನ್ನೋದು ನಮಗೆ ಮುಖ್ಯ. ಬುದ್ಧಿಮಾತಿನಿಂದ ಬದಲಾಗಲಿಲ್ಲ. ಡಿಸೆಂಬರಿನಲ್ಲಿ 62 ಕಾಲೇಜುಗಳು ನ್ಯೂಯಾರ್ಕಿನಲ್ಲಿ ಸೇರಿ ಒಂದು ಸಂಘ ಕಟ್ಟಿದವು. 1910ರಿಂದ ಅದಕ್ಕೆ ಎನ್‌ಸಿಎಎ ಅನ್ನೋ ಹೆಸರು. 1906ರ ನಿಯಮ ಪುಸ್ತಕದಲ್ಲಿ ಎರಡು ತಂಡಗಳ ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ ಬಿಡಬೇಕೆಂದಾಯಿತು. ಅದಕ್ಕೂ ಮೊದಲು ಮೂಗಿಗೆ ಮೂಗು ತಾಗುವಂತೆ ನಿಂತು, ಅಂಪೈರ್ ಕಣ್ಣು ಅತ್ತ ಹೋದಾಗ ಗುದ್ದಿಕೊಳ್ಳುತ್ತಿದ್ದರು. ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಬಂತು. ಮೂರು ಪ್ರಯತ್ನದಲ್ಲಿ 5 ಗಜ ದಾಟಿದರೆ ಸಾಕು ಅನ್ನುವುದು 10 ಗಜವಾಯಿತು. 5 ಗಜಕ್ಕೆ ಗುಂಪಾಗಿ ತಳ್ಳಿದರೆ ಸಾಕಿತ್ತು, 10 ಗಜಕ್ಕೆ ಓಡಬೇಕು, ಎಸೆಯಬೇಕು, ಆಟ ಮೈದಾನದ ತುಂಬ ಹರಡಬೇಕು. ಇಷ್ಟಾದರೂ ಸಾವು ತಕ್ಷಣ ನಿಲ್ಲಲಿಲ್ಲ. 1909ರಲ್ಲಿ ಮತ್ತೆ ಏರಿತು, ಮತ್ತೆ ನಿಯಮ ತಿದ್ದಿದರು. ಯಾರು ವಿದ್ಯಾರ್ಥಿ, ಯಾರು ಅಲ್ಲ ಅನ್ನೋ ಜಗಳ ಮಾತ್ರ ಅಲ್ಲಿ ಇನ್ನೂ ಬಹಳ ಕಾಲ ಎಳೆಯಿತು. ದುಡ್ಡಿನ ಜಗಳ ಅದು, ಬೇಗ ಬಿಡುವುದಿಲ್ಲ.

ಅತಿಥಿಗಳ ಮಾತಿಗೆ ನಮ್ಮ ಉತ್ತರ ಇಷ್ಟೇ. ಸ್ಪೋರ್ಟ್ಸ್‌ಮನ್‌ಶಿಪ್ ಅನ್ನೋದು ಕೆಲವು ಊರಿನ ನೀರಿನಲ್ಲಿ ಇದ್ದು ಕೆಲವು ಊರಿನ ನೀರಿನಲ್ಲಿ ಇಲ್ಲದ ವಸ್ತುವಲ್ಲ. ಯಾರು ಆಡಬಹುದು, ಯಾರು ತೀರ್ಪು ಕೊಡಬೇಕು ಅನ್ನೋದನ್ನು ಗೆಲ್ಲಬೇಕೆಂದು ಕೂತವರೇ ತೀರ್ಮಾನಿಸುವ ಕಡೆ ಹಾರ್ವರ್ಡ್ ಹುಡುಗನೂ ಗುದ್ದುತ್ತಾನೆ, ಹಾರೋಹಳ್ಳಿ ಹುಡುಗನೂ ಗುದ್ದುತ್ತಾನೆ. ನಮ್ಮಲ್ಲಿ ಬಹುಪಾಲು ಪಂದ್ಯಾವಳಿ ನಡೆಸುವ ಸಮಿತಿಯದ್ದೇ ಒಂದು ತಂಡ ಕಣದಲ್ಲಿರುತ್ತೆ. ಅಂಪೈರ್ ಊಟ ಮಾಡುವುದು ಅವರ ಮನೆಯಲ್ಲಿ.

ನಿಯಮ ಪುಸ್ತಕದಲ್ಲಿದ್ದರೂ ಸಾಲದು ಅಂತ ದೊಡ್ಡ ಮಟ್ಟದಲ್ಲೂ ನೋಡಿದ್ದೇವೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್, ಭಾರತ ಮತ್ತು ಇರಾನ್, 28-28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನಿನವರು ಹಿಂದೆಯೇ ನುಗ್ಗಿದರು. ಹಳೇ ನಿಯಮದಂತೆ ಒಂದು ಲೆಕ್ಕ, ಹೊಸ ನಿಯಮದಂತೆ ಇನ್ನೊಂದು. ಎರಡೂ ಕಡೆಯವರು ಅಂಕಣದಲ್ಲೇ ಕೂತರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಆ ದಿನ ನಮ್ಮ ಚನ್ನಪಟ್ಟಣದ ಟೀ ಅಂಗಡಿಯಲ್ಲಿ ಟಿವಿ ನೋಡುತ್ತಿದ್ದವರು ಅಂದದ್ದು, "ಇದು ನಮ್ಮೂರ್ ಹಬ್ಬದ್ ಮ್ಯಾಚೇ ಬುಡು."

ಗೆಸ್ಟ್ ಪ್ಲೇಯರ್ ಬಂದರೆ ನಷ್ಟ ಯಾರಿಗೆ ಅಂತ ಕೇಳುವವರಿದ್ದಾರೆ. ಒಳ್ಳೆ ಆಟ ನೋಡಲು ಸಿಗುತ್ತಲ್ಲ, ಊರಿಗೆ ಟಗರು, ಟ್ರೋಫಿ ಬರುತ್ತಲ್ಲ. ಚನ್ನಪಟ್ಟಣದ ಪಕ್ಕದ ಹಳ್ಳಿಯೊಂದರ ಹುಡುಗ ನಮಗೆ ಗೊತ್ತು. ಹಗಲು ಗೊಂಬೆ ಕಾರ್ಖಾನೆಯಲ್ಲಿ ಮರದ ಗೊಂಬೆಗೆ ಅರಗಿನ ಬಣ್ಣ ಹಿಡಿಸುವ ಕೆಲಸ, ಸಂಜೆ ಊರ ಹೊರಗಿನ ಬಯಲಿನಲ್ಲಿ ಅಭ್ಯಾಸ. ಆ ಬಯಲಿನ ಕಲ್ಲು ಆಯ್ದು, ಮಣ್ಣು ಹದ ಮಾಡಿ, ಗೆರೆ ಎಳೆದವನು ಅವನೇ. ಎರಡು ವರ್ಷ ನಾಯಕ. ಮೂರನೇ ವರ್ಷ ತಮ್ಮ ಊರಲ್ಲೇ ಪಂದ್ಯಾವಳಿ. ಸಮಿತಿಯವರು ಹೊರಗಿನಿಂದ ಮೂವರನ್ನು ಕರೆಸಿದರು. ಇವನಿಗೆ ಜರ್ಸಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಊರು ಗೆದ್ದಿತು. ರಾತ್ರಿ ಮೆರವಣಿಗೆಯಲ್ಲಿ ಹೊರಗಿನ ಮೂವರು ಇರಲಿಲ್ಲ, ಕೊನೆ ಬಸ್ಸಿಗೆ ಹೊರಟಿದ್ದರು. ಇವನು ಹೆಗಲ ಮೇಲೆ ಟಗರಿನ ಹಗ್ಗ ಹಾಕಿಕೊಂಡು ನಡೆಯುತ್ತಿದ್ದ. "ಗೆದ್ದಿದ್ದು ನಮ್ಮೂರ್ ಹೆಸ್ರು ಅಣ್ಣ, ನಮ್ಮೂರೋರಲ್ಲ" ಅಂದ. ಸಿಟ್ಟಿನಲ್ಲೇನೂ ಅಲ್ಲ. ಅಭ್ಯಾಸಕ್ಕೆ ಅವನು ಮತ್ತೆ ಬರಲಿಲ್ಲ, ಅವನನ್ನು ನೋಡಿ ಬರುತ್ತಿದ್ದ ಚಿಕ್ಕ ಹುಡುಗರೂ ಬಿಟ್ಟರು. ಬಯಲಲ್ಲಿ ಈಗ ಜೋಳದ ಕಡ್ಡಿಯ ಮೆದೆ ಇದೆ.

ಎಲ್ಲೆಡೆ ಹೀಗೇ ಅಂತ ಬರೆದರೆ ಅನ್ಯಾಯವಾಗುತ್ತೆ. ಮಾಗಡಿ ತಾಲ್ಲೂಕಿನ ಒಂದು ಊರಿನವರು ಎರಡು ವರ್ಷದಿಂದ ಬೇರೆ ಪದ್ಧತಿ ಹಿಡಿದಿದ್ದಾರೆ. ಪ್ರವೇಶಕ್ಕೆ ಆಧಾರ್ ಕಾರ್ಡ್, ವಿಳಾಸ ಅದೇ ಪಂಚಾಯಿತಿಯದ್ದಾಗಿರಬೇಕು. ತೂಕ ಹಾಕುವಾಗ ಎದುರಾಳಿ ತಂಡದ ಒಬ್ಬ ನಿಂತು ನೋಡುತ್ತಾನೆ. ಊರಿನ ತಂಡ ಆಡುವುದಿಲ್ಲ, ನಡೆಸುತ್ತದೆ ಅಷ್ಟೆ. ಅಂಪೈರ್‌ಗಳು ಬೇರೆ ತಾಲ್ಲೂಕಿನವರು. ಈ ಸಲ ನಾವು ಹೋಗಿದ್ದೆವು. ಕ್ವಾರ್ಟರ್ ಫೈನಲ್ಲಿನಲ್ಲಿ ಜಗಳವಾಯಿತು, ಆಗದೇ ಇರಲಿಲ್ಲ. ಕನಕಪುರ ಕಡೆಯಿಂದ ಬಂದಿದ್ದ ಅಂಪೈರ್ ಹಳದಿ ಕಾರ್ಡ್ ತೆಗೆದು ಇಬ್ಬರನ್ನು ಎರಡು ನಿಮಿಷ ಹೊರಗೆ ಕಳಿಸಿದರು. ನೂಕುನುಗ್ಗಲು ಹತ್ತು ನಿಮಿಷದೊಳಗೆ ತಣ್ಣಗಾಗಿ ಆಟ ಮುಂದುವರಿಯಿತು. ಫೈನಲ್ ಮುಗಿದಾಗ ನಾಲ್ಕೂವರೆ.

ಸೋತವರು ಆ ಅಂಪೈರ್ ಜೊತೆ ಮಾತು ಬಿಟ್ಟರು, ಗೆದ್ದವರೂ ಹಳದಿ ಕಾರ್ಡಿನ ಸಿಟ್ಟಿನಲ್ಲಿ ಊಟಕ್ಕೆ ಕರೆಯಲಿಲ್ಲ. ಬಿಡದಿವರೆಗೂ ನಮ್ಮ ಬೈಕಿನ ಹಿಂದೆ ಕೂತು ಬಂದರು. ತಟ್ಟೆ ಇಡ್ಲಿ ಅಂಗಡಿ ಆಗಷ್ಟೇ ಬಾಗಿಲು ತೆರೆಯುತ್ತಿತ್ತು. ಎರಡು ಇಡ್ಲಿ ತಿಂದು, ಮೂರನೆಯದಕ್ಕೆ ಚಟ್ನಿ ಹಾಕಿಸಿಕೊಳ್ಳುತ್ತ ಹೇಳಿದರು: "ಮುಂದಿನ್ ವರ್ಷಾನೂ ನೀವೇ ಬರ್ಬೇಕು ಸಾರ್ ಅಂತ ಸಮಿತಿಯೋರು ಹೇಳವ್ರೆ." ಕನಕಪುರದ ಬಸ್ಸಿಗೆ ರಾಮನಗರದಲ್ಲಿ ಇಳಿದು ಬದಲಾಯಿಸಬೇಕಿತ್ತು, ಚೀಲದಲ್ಲಿ ವಿಷಲ್ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಂಡು ಹೊರಟರು.